ಕೆರೆಯ ಮೇಲೆ ಹೂ

ನಮ್ಮ ಮನೆಯಲ್ಲಿ ಕಂಪ್ಯೂಟರಿನ ಡಬ್ಬ ಬಟ್ಟೆ ಬೀರುವಿನೊಳಗೆ ಇರುತ್ತಿತ್ತು. ಬೇರೆ ಕಡೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ಬಣಕಲ್ಲಿನಲ್ಲಿ ಯಾರಿಗೂ ಅನ್ನಿಸಲಿಲ್ಲ. ಮಳೆಗಾಲ ಶುರುವಾದರೆ ನಮ್ಮ ಕಡೆ ಬೀರುವಿನ ಕೆಳಗಿನ ಅರೆಯಲ್ಲಿ ಒಂದು ಬಲ್ಬು ಹಚ್ಚಿಡುತ್ತೇವೆ. ಹಗಲೂ ರಾತ್ರಿಯೂ ಅದು ಉರಿಯುತ್ತದೆ. ಇಲ್ಲದಿದ್ದರೆ ಸೀರೆಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ರೇಷನ್ ಕಾರ್ಡಿಗೂ ಬೂಷ್ಟು. ಮೊಮ್ಮಗಳು ಕಂಪ್ಯೂಟರ್ ತಂದದ್ದು ಆಷಾಢದಲ್ಲಿ. ಕೆಲವೇ ದಿನಕ್ಕೆ ಅದರ ಬೆನ್ನಿನ ಸ್ಕ್ರೂಗಳು ಕೆಂಪಾದವು. ಬೀರುವಿನ ಕೆಳಗಿನ ಅರೆ ಖಾಲಿ ಮಾಡಿ ಡಬ್ಬವನ್ನು ಬಲ್ಬಿನ ಪಕ್ಕಕ್ಕೆ ಇಟ್ಟೆವು. ಹಿಂದಿನ ಹಲಗೆಗೆ ತೂತು ಕೊರೆದು ವೈರುಗಳನ್ನು ಹೊರಗೆ ಎಳೆದೆವು. ಸ್ಕ್ರೀನು ಮಾತ್ರ ಹೊರಗೆ, ಮೇಜಿನ ಮೇಲೆ. ಆ ಮಳೆಗಾಲ ಪೂರ್ತಿ ಡಬ್ಬಕ್ಕೆ ಒಂದು ಹನಿ ಥಂಡಿ ತಾಗಲಿಲ್ಲ. ಸರಿಯಾದ ಜಾಗ ಸಿಕ್ಕಿತು ಅಂದುಕೊಂಡು ಅಲ್ಲೇ ಬಿಟ್ಟೆವು.

ಮನೆಯಲ್ಲಿ ನಾವು ಮೂರು ಜನ ಹೆಂಗಸರು. ನಾನು, ನನ್ನ ಮಗಳು, ಅವಳ ಮಗಳು. ಮಗಳು ಹೆದ್ದಾರಿಯ ಪಕ್ಕದ ಹೋಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಅಳಿಯ ಇಲ್ಲ, ಆ ಕಥೆ ಇಲ್ಲಿ ಬೇಡ. ಮನೆ ಇರುವುದು ಕಾಫಿ ಮಿಲ್ಲಿನ ಹಿಂದೆ. ಒಣಗಿದ ಕಾಫಿ ಕಾಯಿಯ ಸಿಪ್ಪೆ ಬಿಡಿಸುವ ಮಿಲ್ಲು. ಕುಯ್ಲು ಮುಗಿದ ಮೇಲೆ ಬೇಸಿಗೆಯವರೆಗೂ ಅದು ಗುಡುಗುತ್ತಲೇ ಇರುತ್ತದೆ. ಅದರ ಹೊಟ್ಟು ಹಾರಿ ಬಂದು ಒಗೆದ ಬಟ್ಟೆ, ಹಪ್ಪಳ, ನಮ್ಮ ತಲೆ ಎಲ್ಲದರ ಮೇಲೂ ಕೂರುತ್ತದೆ. ಗುಡಿಸುವುದು, ಮತ್ತೆ ಗುಡಿಸುವುದು.

ಮೊಮ್ಮಗಳು ಮೊದಲು ಮೂಡಿಗೆರೆಯಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಇದ್ದಳು. ದಿನವಿಡೀ ನಿಂತು ಆಧಾರ್ ಕಾರ್ಡು, ಪಹಣಿ ಜೆರಾಕ್ಸ್ ತೆಗೆಯುವುದು. ಅದನ್ನು ಬಿಟ್ಟು ನಕ್ಷೆ ಮಾಡುವ ಕೆಲಸಕ್ಕೆ ಕೂತಳು. ಈಗ ತೋಟಗಳ ಮೇಲೆ ಡ್ರೋನ್ ಹಾರಿಸಿ ಫೋಟೋ ತೆಗೆಸುತ್ತಾರೆ. ಒಂದು ತೋಟಕ್ಕೆ ನೂರಾರು ಫೋಟೋ. ಅವನ್ನೆಲ್ಲ ಕೌದಿ ಹೊಲಿದ ಹಾಗೆ ಒಂದಕ್ಕೊಂದು ಸೇರಿಸಿ ಒಂದೇ ನಕ್ಷೆ ಮಾಡಿದರೆ ಎಲ್ಲಿ ಗಿಡ ಸತ್ತಿದೆ, ಎಲ್ಲಿ ನೆರಳು ಜಾಸ್ತಿ, ಎಲ್ಲ ಕೂತಲ್ಲೇ ಕಾಣುತ್ತದೆ. ಅಷ್ಟು ಫೋಟೋ ಹೊಲಿಯಬೇಕಾದರೆ ಡಬ್ಬದೊಳಗೆ ಗ್ರಾಫಿಕ್ಸ್ ಕಾರ್ಡ್ ಅಂತ ಒಂದು ಬೇರೆಯೇ ಹಲಗೆ ಬೇಕಂತೆ. ಚಿತ್ರವನ್ನು ತಯಾರು ಮಾಡಿ ಸ್ಕ್ರೀನಿಗೆ ಕಳಿಸುವುದು ಅದರ ಕೆಲಸ. ಅವಳು ತಂದದ್ದು ಸೆಕೆಂಡ್ ಹ್ಯಾಂಡ್. ಯಾರೋ ಹಗಲು ರಾತ್ರಿ ಅದರಲ್ಲಿ ಆಟ ಆಡಿ, ಸಾಕಾಗಿ ಮಾರಿದ್ದು.

ಮಗಳಿಗೆ ಇದು ಸರಿಬರಲಿಲ್ಲ. "ಯುಗಾದಿವರೆಗೆ ನೋಡು. ಅಷ್ಟ್ರಲ್ಲಿ ನಿನ್ ಕೈಗೇ ಅಂತ ಕೆಲ್ಸ ಬಂದ್ರೆ ಸರಿ. ಬರ್ಲಿಲ್ಲ, ಸುಮ್ನೆ ಜೆರಾಕ್ಸಿಗೆ ವಾಪಸ್ ಹೋಗು. ಆ ಅಂಗಡಿಯೋರು ಇನ್ನೂ ಕೇಳ್ತಿದಾರೆ" ಅಂದಿದ್ದಳು. ಅದೇನು ಬೈಗುಳ ಅಲ್ಲ. ಅವಳು ಹೇಳಿದ್ದರಲ್ಲಿ ನನಗೂ ತಪ್ಪು ಕಾಣಲಿಲ್ಲ. ಆದರೆ ಮೊಮ್ಮಗಳಿಗೆ ಆ ಅಂಗಡಿ ಬೇಡವಾಗಿತ್ತು. ಎಷ್ಟು ಬೇಡವಾಗಿತ್ತೆಂದರೆ, ಮೂಡಿಗೆರೆಗೆ ಹೋದರೂ ಆ ರಸ್ತೆ ಬಿಟ್ಟು ಸುತ್ತು ಹಾಕಿ ಬರುತ್ತಿದ್ದಳು.

ಅಲ್ಲಿಯವರೆಗೆ ಅವಳು ಡ್ರೋನಿನವನು ಕೊಟ್ಟದ್ದನ್ನು ಹೊಲಿದುಕೊಡುತ್ತಿದ್ದಳು. ತೋಟದವರಿಗೆ ಇವಳ ಮುಖ ಗೊತ್ತಿರಲಿಲ್ಲ. ಯುಗಾದಿಗೆ ಸ್ವಲ್ಪ ದಿನ ಇರುವಾಗ ಗೋಣಿಬೀಡಿನ ಕಡೆಯ ಒಬ್ಬ ಗೌಡರು ನೇರವಾಗಿ ಇವಳಿಗೇ ಕೆಲಸ ಹೇಳಿದರು. ಅವರ ತಂದೆಯ ಕಾಲದಲ್ಲಿ ನಾನು ಆ ತೋಟದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಆ ಗುರುತಿನಿಂದ ಕೊಟ್ಟರೋ, ಬೇರೆಯವರು ಸಿಗಲಿಲ್ಲವೋ, ನಾನು ಕೇಳಲಿಲ್ಲ. ಇವರ ತೋಟ ಸರಿಯಾಗಿ ಆದರೆ ಅಕ್ಕಪಕ್ಕದ ನಾಲ್ಕಾರು ತೋಟದವರು ಕೇಳುತ್ತಾರೆ ಅಂತ ಮೊಮ್ಮಗಳು ಲೆಕ್ಕ ಹಾಕಿದ್ದಳು.

ಡ್ರೋನಿನವನು ಫೋಟೋ ತೆಗೆದು ಕೊಟ್ಟ. ಇವಳು ಎರಡು ದಿನ ಡಬ್ಬ ಆರಿಸದೆ ಹೊಲಿದಳು. ಎರಡನೇ ದಿನ ಮಧ್ಯಾಹ್ನ ಊಟ ಆದಮೇಲೆ ನಾನು ಸ್ಟೂಲು ಎಳೆದುಕೊಂಡು ಹೋಗಿ ಸ್ಕ್ರೀನಿನ ಮುಂದೆ ಕೂತೆ. ಟೀವಿಗಿಂತ ನನಗೆ ಇದು ಇಷ್ಟ. ನೆಲ ನೋಡಿಕೊಂಡು ಬಗ್ಗಿ ಕೆಲಸ ಮಾಡಿದ ಜಾಗ ಮೇಲಿನಿಂದ ಹೇಗಿದೆ ಅಂತ ನೋಡಲು ಆಗುತ್ತದೆ. ನಾವು ಮಳೆಗೆ ನಿಲ್ಲುತ್ತಿದ್ದ ಬಂಡೆ ಕಾಣುತ್ತದೆ. ಅದು ನಾನು ಅಂದುಕೊಂಡಷ್ಟು ದೊಡ್ಡದೇನಲ್ಲ.

ತೋಟದ ಕೆಳಭಾಗ, ಕೆಳಗಿನ ಬ್ಲಾಕು ಅನ್ನುತ್ತೇವೆ, ಸ್ಕ್ರೀನಿನ ಮಧ್ಯಕ್ಕೆ ಬಂತು. ರೋಬಸ್ಟಾ ಜಾತಿಯ ಕಾಫಿ ಗಿಡ. ಹಿಂದಿನ ವರ್ಷದ ಗಾಳಿಗೆ ಅಲ್ಲಿ ಮರ ಬಿದ್ದು ನೆರಳು ಕಡಿಮೆ, ಗಿಡಗಳು ಬಯಲಿಗೆ ಬಿದ್ದ ಹಾಗೆ ಕಾಣುತ್ತಿದ್ದವು. ಕಪ್ಪು ಹಸಿರಿನ ಮೇಲೆ ಬಿಳಿ ಚುಕ್ಕೆ. ಗುಂಪು ಗುಂಪಾಗಿ.

"ಇದೆಂತ ಅಜ್ಜಿ?" ಅಂದಳು.

"ಎಂತ ಅಂದ್ರೆ? ಹೂ."

"ಮಳೆನೇ ಬಂದಿಲ್ವಲ್ಲ."

ಅವಳು ಕೇಳಿದ್ದು ಸರಿಯೇ. ಕಾಫಿ ಮೊಗ್ಗು ತಿಂಗಳುಗಟ್ಟಲೆ ಮುಚ್ಚಿಕೊಂಡು ಕೂತಿರುತ್ತದೆ. ಬೇಸಿಗೆಯಲ್ಲಿ ಒಂದು ಒಳ್ಳೆಯ ಮಳೆ ಬೀಳಬೇಕು, ಆಮೇಲೆ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಒಟ್ಟಿಗೇ ಬೆಳ್ಳಗಾಗುತ್ತದೆ. ಮಳೆ ಇಲ್ಲದಿದ್ದರೆ ಸ್ಪ್ರಿಂಕ್ಲರಿನಿಂದ ನೀರು ಹೊಡೆಯಬೇಕು. ಆ ವರ್ಷ ಇನ್ನೂ ಮಳೆ ಬಿದ್ದಿರಲಿಲ್ಲ. ಆದರೆ ನನಗೆ ಉತ್ತರ ಹುಡುಕಲು ಹೊತ್ತು ಹಿಡಿಯಲಿಲ್ಲ.

"ಬೇಲಿ ಆಚೆಯೋರು ಸ್ಪ್ರಿಂಕ್ಲರ್ ಹಾಕ್ಸಿದಾರೆ. ಗಾಳಿಗೆ ಈಚೆ ಬಿದ್ದಿದೆ. ಅರ್ಧಂಬರ್ಧ ನೀರು ಕುಡ್ದು ಅರ್ಧಂಬರ್ಧ ಬಿಟ್ಟಿದೆ, ನೋಡು, ಎಲ್ಲಾ ಗಿಡದಲ್ಲೂ ಇಲ್ಲ. ನಾನು ಎಷ್ಟು ನೋಡಿಲ್ಲ ಇಂಥದ್ದು."

ಅವಳು ನಂಬಿದಳು. ನಂಬದೆ ಏನು ಮಾಡುತ್ತಾಳೆ? ನಾನು ಹೇಳಿದ್ದು ಆಗದ ಮಾತೂ ಅಲ್ಲ. ಅಂಥದ್ದು ಆಗುತ್ತದೆ. ಹಾಗೆ ಅರ್ಧ ನೀರಿಗೆ ಬಿಟ್ಟ ಹೂ ಕಾಯಿ ಕಚ್ಚುವುದಿಲ್ಲ, ಒಣಗಿ ಉದುರುತ್ತದೆ. ಇದು ಗೌಡರಿಗೆ ಗೊತ್ತಾಗಬೇಕಾದ ವಿಷಯ ಅಂತ ತಕ್ಷಣ ಫೋನು ಮಾಡಿದಳು. ಅವರು ಚಿಕ್ಕಮಗಳೂರಿನಲ್ಲಿ ಇದ್ದರು. ಹೆಂಡತಿಯ ಮಂಡಿ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಅವರ ಪಕ್ಕದಲ್ಲಿ ಕೂತಿದ್ದರು.

"ಹೂ ಬಿಟ್ಟಿದ್ಯಾ? ಕೆಳಗಿನ ಬ್ಲಾಕಾ? ಸರಿಯಾಗಿ ನೋಡಿದ್ಯೇನಮ್ಮ?"

"ಅಜ್ಜಿನೂ ನೋಡಿದ್ರು ಗೌಡ್ರೇ."

"ಅಜ್ಜಿ ನೋಡಿದ್ರೆ ಆಯ್ತು ಬಿಡು."

ಆಮೇಲೆ ಅವರು ಹೇಳಿದ್ದು ಫೋನಿನ ಸ್ಪೀಕರಿನಲ್ಲಿ ನನಗೂ ಕೇಳಿತು. ಹಾಗೇ ಬಿಟ್ಟರೆ ಆ ಬ್ಲಾಕಿನ ಫಸಲು ಹೋಯಿತು. ನಾಳೆ ಬೆಳಿಗ್ಗೆಯೇ ಪೈಪು ಹಾಕಿಸಿ ಪೂರ್ತಿ ನೀರು ಕೊಡಿಸುತ್ತೇನೆ. ಕೆರೆಯಲ್ಲಿ ಇರುವುದು ಒಂದೇ ಸುತ್ತಿನ ನೀರು, ಅದನ್ನು ಅಲ್ಲಿಗೇ ಬಿಡುವುದು, ಬೇರೆ ದಾರಿ ಇಲ್ಲ. ಮೇಸ್ತ್ರಿ ಕೆಲಸ ಬಿಟ್ಟು ಹೋಗಿದ್ದಾನೆ, ಹೊಸಬ ಸಿಕ್ಕಿಲ್ಲ, ಪೈಪಿನವರಿಗೆ ಬಾಡಿಗೆಗೆ ಹೇಳುತ್ತೇನೆ.

ಮೊಮ್ಮಗಳು ಫೋನಿಟ್ಟು ನನ್ನ ಕಡೆ ನೋಡಿ ನಕ್ಕಳು. ಮೊದಲ ಕೆಲಸದಲ್ಲೇ ಒಂದು ಬ್ಲಾಕಿನ ಫಸಲು ಉಳಿಸಿದ ಹಾಗಾಯಿತಲ್ಲ. ನಾನು ಎದ್ದು ಹೋಗಿ ಕಾಫಿಗೆ ನೀರಿಟ್ಟೆ.

ಅರ್ಧ ಗಂಟೆ ಬಿಟ್ಟು ಗೌಡರು ಫೋಟೋ ಕೇಳಿದರು. ಇವಳು ನಕ್ಷೆಯಿಂದ ಆ ಬ್ಲಾಕನ್ನು ಕತ್ತರಿಸಿ ಅವರ ಫೋನಿಗೆ ಕಳಿಸಿದಳು. ಅವರದು ಮತ್ತೆ ಫೋನು.

"ಎಲ್ಲಮ್ಮ ಹೂ? ನನ್ಗೆ ಬರೀ ಹಸಿರು ಕಾಣ್ತದೆ."

"ಮಧ್ಯದಲ್ಲಿ ನೋಡಿ ಗೌಡ್ರೇ, ಬೆಳ್ಳಗೆ."

"ನನ್ ಫೋನ್ ಚಿಕ್ಕದು ಮಾರಾಯ್ತಿ, ಕನ್ನಡಕ ಬೇರೆ ಮನೇಲಿದೆ. ಇರ್ಲಿ. ನೀವು ದೊಡ್ಡ ಸ್ಕ್ರೀನಲ್ಲಿ ನೋಡಿದ್ದಲ್ವಾ. ಪೈಪಿನೋರಿಗೆ ಹೇಳಿ ಆಯ್ತು."

ಅವರ ಫೋನು ಚಿಕ್ಕದಿರಬಹುದು, ಇವಳದೇನು ಚಿಕ್ಕದಲ್ಲ. ಕಳಿಸಿದ ಫೋಟೋವನ್ನು ತನ್ನ ಫೋನಿನಲ್ಲಿ ತೆಗೆದು ನೋಡಿದಳು. ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ನಾನು ಲೋಟ ಹಿಡಿದುಕೊಂಡು ಬಂದಾಗ ಅವಳ ಕಣ್ಣು ಫೋನಿಗೂ ಸ್ಕ್ರೀನಿಗೂ ಓಡಾಡುತ್ತಿತ್ತು. ಆಮೇಲೆ ನಕ್ಷೆಯನ್ನು ಪಕ್ಕಕ್ಕೆ ಎಳೆದಳು. ಸ್ಕ್ರೀನಿನ ಮಧ್ಯಕ್ಕೆ ಕೆರೆ ಬಂತು.

"ಅಜ್ಜಿ, ಕೆರೆ ಮೇಲೆ ಹೂ ಬಿಡ್ತದಾ?"

ನೋಡಿದೆ. ಕೆರೆಯ ನೀರಿನ ಮೇಲೆ ಬಿಳಿ ಚುಕ್ಕೆ. ಅದೇ ಗುಂಪು, ಅದೇ ಜಾಗ. ಅವಳು ಇನ್ನಷ್ಟು ಎಳೆದಳು. ಕಾಫಿ ಒಣಗಿಸುವ ಕಣದ ಮೇಲೆ ಹೂ. ಗೌಡರ ಮನೆಯ ಹೆಂಚಿನ ಮೇಲೆ ಹೂ. ನಕ್ಷೆ ಎಲ್ಲಿಗೆ ಹೋದರೂ ಚುಕ್ಕೆ ಮಾತ್ರ ಗಾಜಿಗೆ ಅಂಟಿಸಿದ ಹಾಗೆ ಇದ್ದಲ್ಲೇ ಇತ್ತು.

ನಾನು ಸೆರಗಿನಿಂದ ಗಾಜು ಒರೆಸಿದೆ. ಹೋಗಲಿಲ್ಲ.

"ಅದು ಹೂ ಅಲ್ಲ" ಅಂದೆ.

"ಈಗ ಹೇಳ್ತೀರಿ" ಅಂದಳು.

ಬೈಯಲು ಅವಳಿಗೆ ಪುರಸೊತ್ತು ಇರಲಿಲ್ಲ. ಗೌಡರಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಚಾರ್ಜು ಮುಗಿದಿರಬೇಕು. ಅವಳು ಕುರ್ಚಿಯಿಂದ ಎದ್ದಳು. "ಫೋನ್ ಸಿಗೋವರೆಗೆ ಯಾವ್ದು ಸುಳ್ಳು ಹೇಳ್ತಿದೆ ಅಂತ ಹಿಡೀಬೇಕು ಅಜ್ಜಿ. ಕ್ಯಾಮೆರಾನಾ, ವೈರಾ, ಸ್ಕ್ರೀನಾ, ಕಾರ್ಡಾ. ಸುಮ್ನೆ ಚುಕ್ಕೆ ಇತ್ತು ಅಂದ್ರೆ ಗೌಡ್ರು ಕೇಳ್ತಾರಾ?"

ಫೋನಿಗೆ ಕಳಿಸಿದ ಫೋಟೋದಲ್ಲಿ ಚುಕ್ಕೆ ಇಲ್ಲದ್ದರಿಂದ ಕ್ಯಾಮೆರಾದ ತಪ್ಪಲ್ಲ ಅಂತಾಯಿತು. ಮೊದಲು ವೈರು. ಸ್ಕ್ರೀನಿನ ಹಿಂದಿನ ವೈರನ್ನು ಕಿತ್ತು ಬಿಗಿಯಾಗಿ ಸಿಕ್ಕಿಸಿದಳು. ಚುಕ್ಕೆ ಇತ್ತು. ಟೀವಿಯ ವೈರನ್ನು ತಂದು ಬದಲಾಯಿಸಿದಳು. ಚುಕ್ಕೆ ಇತ್ತು. ಆಮೇಲೆ ಟೀವಿಯನ್ನೇ ತರಬೇಕಾಯಿತು. ನಾವಿಬ್ಬರೂ ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಒಳಗಿನ ಕೋಣೆಗೆ ತಂದೆವು. ಸ್ಕ್ರೀನಿನ ಬದಲು ಟೀವಿಗೆ ಸಿಕ್ಕಿಸಿದರೆ ಟೀವಿಯಲ್ಲೂ ಗೌಡರ ತೋಟ, ತೋಟದ ಮೇಲೆ ಚುಕ್ಕೆ. ಈಗ ಚುಕ್ಕೆಯ ಜೊತೆ ನೇರಳೆ ಬಣ್ಣದ ಗೆರೆಯೂ ಶುರುವಾಗಿತ್ತು. ಅಂದರೆ ಸ್ಕ್ರೀನಿನ ತಪ್ಪೂ ಅಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುತ್ತಿದ್ದಳು, ಎರಡನ್ನು ಒಟ್ಟಿಗೆ ಮುಟ್ಟುತ್ತಿರಲಿಲ್ಲ. ಯಾಕೆ ಅಂದೆ. ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅಂತ ಹೇಗೆ ಗೊತ್ತಾಗುತ್ತದೆ ಅಂದಳು.

ಉಳಿದದ್ದು ಡಬ್ಬ. ಬೀರುವಿನ ಬಾಗಿಲು ತೆಗೆದಳು.

ರೊಟ್ಟಿ ಬೇಯಿಸಬಹುದಾಗಿತ್ತು. ಅಷ್ಟು ಶಾಖ ಮುಖಕ್ಕೆ ಬಡಿಯಿತು. ಹೊರಗೆ ಮಾರ್ಚಿನ ಬಿಸಿಲು. ಒಳಗೆ ಎರಡು ದಿನದಿಂದ ಆರದ ಕಂಪ್ಯೂಟರ್. ಅದರ ಪಕ್ಕದಲ್ಲಿ ಆಷಾಢದಲ್ಲಿ ಹಚ್ಚಿದ ಬಲ್ಬು ಇನ್ನೂ ಉರಿಯುತ್ತಿತ್ತು. ನಾವು ಮೂರು ಜನ ದಿನಾ ಆ ಬೀರು ತೆಗೆದು ಬಟ್ಟೆ ತೆಗೆದುಕೊಂಡಿದ್ದೇವೆ. ಬಲ್ಬು ಕಂಡಿದೆ. ಬೀರುವಿನಲ್ಲಿ ಬಲ್ಬು ಇರುವುದು ಸಹಜ, ಆರಿಸಬೇಕು ಅಂತ ಯಾರ ತಲೆಗೂ ಬಂದಿಲ್ಲ.

"ಯಾರೂ ಆರ್ಸಿಲ್ವಾ ಇದನ್ನ?" ಅಂದಳು.

"ನೀನೂ ಆರ್ಸಿಲ್ಲ" ಅಂದೆ.

ಎಲ್ಲ ಆರಿಸಿ, ಪ್ಲಗ್ಗು ಕಿತ್ತು, ಡಬ್ಬವನ್ನು ಹೊರಗೆ ಜಗಲಿಗೆ ತಂದು ಪಕ್ಕದ ತಗಡು ಬಿಚ್ಚಿದಳು. ಒಳಗೆ ಉದ್ದದ ಹಲಗೆ, ಅದಕ್ಕೆ ಎರಡು ಪುಟ್ಟ ಫ್ಯಾನು. ಅದೇ ಗ್ರಾಫಿಕ್ಸ್ ಕಾರ್ಡು. ಫ್ಯಾನಿನ ರೆಕ್ಕೆಗಳ ನಡುವೆ ಮಿಲ್ಲಿನ ಕಾಫಿ ಹೊಟ್ಟು ಕಂಬಳಿ ಹಾಗೆ ಗಟ್ಟಿ ಕಟ್ಟಿತ್ತು. ಒಂದು ಫ್ಯಾನು ತಿರುಗುವ ಸ್ಥಿತಿಯಲ್ಲೇ ಇರಲಿಲ್ಲ. ಅವಳು ಕಾರ್ಡಿಗೆ ಬೆರಳಿಟ್ಟು ತಕ್ಷಣ ತೆಗೆದಳು.

"ಬೆಂದುಹೋಗಿದೆ."

ಗೋಡೆಗೆ ಬಣ್ಣ ಹೊಡೆದು ಉಳಿದ ಬ್ರಷ್ಷು ಮನೆಯಲ್ಲಿತ್ತು, ಹೊಸದು. ಕಾರ್ಡು ಆರುವವರೆಗೆ ಕಾದು, ಅವಳು ಅದನ್ನು ಕಿತ್ತು ಹಿಡಿದುಕೊಂಡಳು, ನಾನು ಬ್ರಷ್ಷಿನಿಂದ ಹೊಟ್ಟು ಉದುರಿಸಿದೆ. ಒಂದು ಹಿಡಿ ಬಂತು. ಕಾರ್ಡಿನ ಅಂಚಿನಲ್ಲಿ ಹಿತ್ತಾಳೆ ಬಣ್ಣದ ಹಲ್ಲುಗಳಿವೆ, ಡಬ್ಬಕ್ಕೆ ಸಿಕ್ಕಿಸುವ ಕಡೆ. ಅವು ಮಾಸಿದ್ದವು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅವನ್ನು ಉಜ್ಜಿ ಹೊಳಪು ಬರಿಸಿದಳು. ಮತ್ತೆ ಸಿಕ್ಕಿಸಿದಳು. ಬೀರುವಿನಲ್ಲಿ ಇಡಲಿಲ್ಲ, ಮೇಜಿನ ಮೇಲೆ ಇಟ್ಟು ಹಚ್ಚಿದಳು.

ಸ್ಕ್ರೀನು ಚೊಕ್ಕವಾಗಿ ಬಂತು. ಒಂದು ಚುಕ್ಕೆ ಇಲ್ಲ.

"ಆಯ್ತಲ್ಲ" ಅಂದೆ.

"ತಡೀರಿ" ಅಂದಳು.

ನಕ್ಷೆ ತೆಗೆದಳು. ಸ್ವಲ್ಪ ಹೊತ್ತು ಎಲ್ಲ ಸರಿ ಇತ್ತು. ಆಮೇಲೆ ಕೆರೆಯ ಮೇಲೆ ಒಂದು ಚುಕ್ಕೆ, ಎರಡು ಚುಕ್ಕೆ. ಆಮೇಲೆ ನೇರಳೆ ಗೆರೆ ಮೇಲಿಂದ ಕೆಳಗೆ. ಆಮೇಲೆ ಪೂರ್ತಿ ಕಪ್ಪು. ಸಿಗ್ನಲ್ ಇಲ್ಲ ಅಂತ ಸ್ಕ್ರೀನಿನ ಮೇಲೆ ಬಂತಂತೆ. ಡಬ್ಬದ ಒಳಗೆ ಫ್ಯಾನು ಮಾತ್ರ ಏನೂ ಆಗದವರ ಹಾಗೆ ತಿರುಗುತ್ತಿತ್ತು.

ಅವಳು ಕಾರ್ಡನ್ನು ಪೂರ್ತಿ ಕಿತ್ತು ಪಕ್ಕಕ್ಕಿಟ್ಟಳು. ಡಬ್ಬದ ಹಿಂದೆ ಇನ್ನೊಂದು ತೂತು ಇದೆ, ಕಾರ್ಡು ಇಲ್ಲದೆಯೂ ಚಿತ್ರ ಬರುವ ತೂತು. ಸ್ಕ್ರೀನಿನ ವೈರನ್ನು ಅದಕ್ಕೆ ಸಿಕ್ಕಿಸಿದಳು. ಚಿತ್ರ ಬಂತು. ಬಹಳ ನಿಧಾನ. ನಕ್ಷೆ ಒಂದೊಂದು ಚೌಕವಾಗಿ, ಯೋಚನೆ ಮಾಡಿ ಮಾಡಿ ಬಂತು. ಆದರೆ ಕಾದರೂ ಚುಕ್ಕೆ ಬರಲಿಲ್ಲ. ಕೆಳಗಿನ ಬ್ಲಾಕು ಕಪ್ಪು ಹಸಿರು, ಬೇರೇನೂ ಇಲ್ಲ.

ಅಷ್ಟರಲ್ಲಿ ಮಗಳು ಹೋಟೆಲಿನಿಂದ ಬಂದಳು. ಮೇಜಿನ ಮೇಲೆ ಟೀವಿ, ಜಗಲಿಯಲ್ಲಿ ಹೊಟ್ಟು, ಬೀರು ಬಾಗಿಲು ತೆಗೆದು ಬಿದ್ದಿದೆ. ಏನಾಯಿತು ಅಂತ ಹೇಳಿದೆವು.

"ಹಂಗಾದ್ರೆ ಗೌಡ್ರು ನೀರು ಬಿಟ್ರೆ ಎಂತ ಆಗ್ತದೆ?"

"ಮುಚ್ಚಿಕೊಂಡಿರೋ ಮೊಗ್ಗು ಆ ನೀರಿಗೆ ಎದ್ದುಬಿಡ್ತದೆ" ಅಂದೆ. "ಹೂ ಬಿಟ್ಟಮೇಲೆ ಅದಕ್ಕೆ ಇನ್ನೊಂದು ಸಲ ನೀರು ಬೇಕು. ಕೆರೇಲಿ ಇರಲ್ಲ. ಮಳೆ ಬಂದ್ರೆ ಬಚಾವ್, ಬರ್ಲಿಲ್ಲ ಅಂದ್ರೆ ಇಲ್ಲದ ಹೂ ಉಳಿಸಕ್ಕೆ ಹೋಗಿ ಇರೋ ಮೊಗ್ಗೂ ಹೋಯ್ತು."

ಮಗಳು ಹೋಗಿ ಬೀರುವಿನ ಬಾಗಿಲು ಹಾಕಿದಳು. "ಮಳೆ ಬಂದ್ರೆ ಗೊತ್ತಾಗಲ್ವಲ್ಲ. ಸುಮ್ನಿರಿ ನೀವು. ಹೇಳಿದ್ರೆ ಇವ್ಳಿಗೆ ಇನ್ಯಾರು ಕೆಲ್ಸ ಕೊಡ್ತಾರೆ?"

ಹೀಗೆ ಅಂದವಳು ಜೆರಾಕ್ಸಿಗೆ ಹೋಗು ಅಂದವಳೇ. ತನ್ನ ಮಗಳ ಕೆಲಸ ಹೋಗುವುದು ಅವಳಿಗೂ ಬೇಡವಾಗಿತ್ತು ಅಂತ ನನಗೆ ಗೊತ್ತಾದದ್ದು ಆವಾಗಲೇ.

ಮೊಮ್ಮಗಳು ಮತ್ತೆ ಫೋನು ಹಚ್ಚಿದಳು. ಸ್ವಿಚ್ ಆಫ್. ಊಟಕ್ಕೆ ಮುಂಚೆ ಒಮ್ಮೆ, ಊಟ ಆದಮೇಲೆ ಒಮ್ಮೆ. "ಬೆಳಿಗ್ಗೆ ಮೊದ್ಲ ಬಸ್ಸಿಗೆ ಹೋಗ್ತೀನಿ" ಅಂದಳು. ನಾನೂ ಬರುತ್ತೇನೆ ಅಂದೆ. ಹೂ ಅಂದವಳು ನಾನು, ಅವಳೊಬ್ಬಳೇ ಯಾಕೆ ಹೋಗಬೇಕು.

ಮೂಡಿಗೆರೆಯಲ್ಲಿ ಬಸ್ಸು ಬದಲಾಯಿಸಿ ಗೋಣಿಬೀಡಿಗೆ ಇಳಿದು ನಡೆದೆವು. ತೋಟದ ದಾರಿ ನನಗೆ ಕಣ್ಣು ಮುಚ್ಚಿಕೊಂಡರೂ ಗೊತ್ತು. ಕೆಳಗಿನ ಬ್ಲಾಕಿಗೆ ಹೋಗಿ ಒಂದು ಕೊಂಬೆ ಬಗ್ಗಿಸಿ ನೋಡಿದೆ. ಎಲೆಯ ಬುಡದಲ್ಲಿ ಮೊಗ್ಗು, ಅಕ್ಕಿಕಾಳಿನಷ್ಟು, ಹಸಿರಾಗಿ ಗಟ್ಟಿಯಾಗಿ ಮುಚ್ಚಿಕೊಂಡು. ಬೇಲಿಯ ಪಕ್ಕದ ಗಿಡವನ್ನೂ ನೋಡಿದೆ. ಅಲ್ಲೂ ಅಷ್ಟೇ. ಬೇಲಿ ಆಚೆ ಸ್ಪ್ರಿಂಕ್ಲರ್ ಅಂತ ಒಂದು ಇರಲೇ ಇಲ್ಲ. ಅದನ್ನು ನಾನೇ ಹುಟ್ಟಿಸಿದ್ದು.

ಪೈಪಿನವರು ಆಗಲೇ ಬಂದಿದ್ದರು. ಇಬ್ಬರು ಗಂಡಸರು. ಗಿಡದ ಸಾಲಿನ ನಡುವೆ ಪೈಪು ಜೋಡಿಸಿ ಮುಗಿಸಿ, ಕೆರೆಯ ದಂಡೆಯಲ್ಲಿ ಡೀಸೆಲ್ ಪಂಪಿಗೆ ಎಣ್ಣೆ ಹಾಕುತ್ತಿದ್ದರು.

"ಅಣ್ಣಾ, ಸ್ವಲ್ಪ ನಿಲ್ಸಿ. ಹೂ ಬಿಟ್ಟಿಲ್ಲ, ನೋಡಿ ಬೇಕಾದ್ರೆ. ನೀರು ಬಿಡ್ಬೇಡಿ" ಅಂದಳು ಮೊಮ್ಮಗಳು.

"ಬಿಡಿ ಅಂದೋರು ಗೌಡ್ರು. ಬಿಡ್ಬೇಡಿ ಅಂತ್ಲೂ ಗೌಡ್ರೇ ಹೇಳ್ಲಿ" ಅಂದ ಒಬ್ಬ.

"ಅವ್ರ ಫೋನು ಸಿಗ್ತಿಲ್ಲ."

"ನಮ್ಗೆ ನಿನ್ನೆ ಸಿಕ್ಕಿತ್ತಲ್ಲ. ನಾವು ಮಧ್ಯಾಹ್ನಕ್ಕೆ ಇನ್ನೊಂದು ತೋಟಕ್ಕೆ ಹೋಗ್ಬೇಕು ತಂಗಿ, ದಾರಿ ಬಿಡು."

ಅವನು ಹೇಳುವುದೂ ಸರಿಯೇ. ಅವನಿಗೆ ನಾವು ಯಾರು? ಆ ಪಂಪು ಹಳೆಯ ಕಾಲದ್ದು, ಹ್ಯಾಂಡಲ್ ಹಾಕಿ ತಿರುಗಿಸಿದರೆ ಮಾತ್ರ ಹೊತ್ತುತ್ತದೆ. ಹ್ಯಾಂಡಲ್ ಪಕ್ಕದಲ್ಲಿ ಬಿದ್ದಿತ್ತು. ನಾನು ಅದನ್ನು ಎತ್ತಿಕೊಂಡು ದಂಡೆಯ ಮೇಲೆ ಕೂತೆ, ಅದನ್ನು ಮಡಿಲಲ್ಲಿ ಇಟ್ಟು ಸೆರಗು ಮುಚ್ಚಿದೆ.

"ಏ ಅಜ್ಜಿ, ಎಂತ ಮಾಡ್ತೀರಿ?"

"ಕೂತಿದೀನಿ."

"ಕೊಡಿ ಅದನ್ನ."

"ಬಂದು ತಗೋ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ವಯಸ್ಸಿನ ಹೆಂಗಸಿನ ಮಡಿಲಿಗೆ ಕೈ ಹಾಕುವವನು ಆ ಸೀಮೆಯಲ್ಲಿ ಹುಟ್ಟಿಲ್ಲ. "ಗೌಡ್ರ ಹತ್ರ ಬೈಸ್ಕೋತೀರಿ ನೀವು" ಅಂದ ಒಬ್ಬ. "ಅದಕ್ಕೇ ಬಂದಿದ್ದು" ಅಂದೆ. ಅವರು ಬೀಡಿ ಹಚ್ಚಿಕೊಂಡು ದೂರ ಹೋಗಿ ಕೂತರು. ಬಿಸಿಲು ಏರಿತು. ಕಬ್ಬಿಣ ಕಾದು ತೊಡೆ ಸುಡುತ್ತಿತ್ತು. ಮೊಮ್ಮಗಳು ಫೋನು ಹಚ್ಚುತ್ತಲೇ ಇದ್ದಳು. ಕಡೆಗೂ ಸಿಕ್ಕಿತು.

ಅವಳು ಒಂದು ಮಾತು ಮುಚ್ಚಿಡಲಿಲ್ಲ. ನಾವು ನೋಡಿದ್ದು ಹೂವಲ್ಲ, ನನ್ನ ಕಂಪ್ಯೂಟರಿನ ಕಾರ್ಡು ಬಿಸಿಯಾಗಿ ಕೆಟ್ಟು ಚುಕ್ಕೆ ತೋರಿಸಿದೆ, ಈಗ ಗಿಡದ ಹತ್ತಿರವೇ ನಿಂತಿದ್ದೇನೆ, ಎಲ್ಲ ಮೊಗ್ಗೇ ಇದೆ, ನೀರು ಬಿಡಿಸಬೇಡಿ. ಆ ಕಡೆಯಿಂದ ಬಂದ ಮಾತು ಕೆರೆಯ ಆಚೆಗೂ ಕೇಳಿರಬೇಕು.

"ಕೆಟ್ಟ ಮಿಷನ್ ಇಟ್ಕೊಂಡು ಯಾಕಮ್ಮ ಕೆಲ್ಸ ಹಿಡೀತೀಯ? ನಿನ್ ಮಾತು ಕೇಳಿ ನಾನು ಕೆರೆ ಖಾಲಿ ಮಾಡ್ತಿದ್ದೆ!"

ಅವಳ ಕಣ್ಣಿನಲ್ಲಿ ನೀರು ಬಂತು. ನಾನು ಫೋನು ಕೇಳಿದೆ.

"ಗೌಡ್ರೇ, ಹೂ ಅಂದಿದ್ದು ನಾನು. ಅವ್ಳಿಗೆ ಅನುಮಾನ ಇತ್ತು."

"ನೀವಾ? ಹುಟ್ಟಿದಾಗಿಂದ ತೋಟದಲ್ಲಿದೀರಿ, ನಿಮ್ಗೆ ಹೂವಿಗೂ ಚುಕ್ಕೆಗೂ ವ್ಯತ್ಯಾಸ ತಿಳೀಲಿಲ್ವಾ ಅಜ್ಜಿ?"

"ತಿಳೀಲಿಲ್ಲ. ನಿಮ್ಗೆ ಸರಿಯಾದ ಫೋಟೋ ಬಂದಿತ್ತು, ನೀವು ಫೋನ್ ಚಿಕ್ಕದು ಅಂದ್ರಿ."

ಗೌಡರು ಪೈಪಿನವರಿಗೆ ಫೋನು ಕೊಡಿ ಅಂದರು. ಅವರು ಪೈಪು ಬಿಚ್ಚಲು ಶುರುಮಾಡಿದ ಮೇಲೆ ನಾನು ಹ್ಯಾಂಡಲ್ ಕೊಟ್ಟೆ. ನಕ್ಷೆ ಏನು ಮಾಡಲಿ ಅಂತ ಮೊಮ್ಮಗಳು ಕೇಳಿದಳು. "ಸದ್ಯಕ್ಕೆ ಬೇಡ" ಅಂದು ಗೌಡರು ಫೋನಿಟ್ಟರು.

ವಾಪಸ್ ಬರುವಾಗ ಮೂಡಿಗೆರೆಯಲ್ಲಿ ಇಳಿದು, ಚೀಲದಲ್ಲಿ ತಂದಿದ್ದ ಕಾರ್ಡನ್ನು ರಿಪೇರಿಯವನಿಗೆ ತೋರಿಸಿದಳು. ಮೆಮೊರಿ ಸುಟ್ಟಿದೆ, ಮಾಡಲು ಬರುವುದಿಲ್ಲ ಅಂದ. ಜೆರಾಕ್ಸ್ ಅಂಗಡಿ ಅದೇ ರಸ್ತೆಯಲ್ಲಿ. ಆ ದಿನ ಅವಳು ಸುತ್ತು ಹಾಕಲಿಲ್ಲ, ಅದರ ಮುಂದೆಯೇ ನಡೆದು ಬಂದಳು. ಒಳಗೆ ಮಾತ್ರ ಹೋಗಲಿಲ್ಲ. ಮನೆಯಲ್ಲಿ ಮಗಳು ಅನ್ನ ಬಡಿಸಿದಳು.

ಯುಗಾದಿಗೆ ಮೂರು ದಿನ ಇರುವಾಗ ಮಧ್ಯಾಹ್ನ ಗುಡುಗಿ ಮಳೆ ಬಂತು. ಬಣಕಲ್ಲಿನಲ್ಲಿ ಹೆಂಚು ಹಾರುವ ಹಾಗೆ ಬಂತು. ಗೋಣಿಬೀಡಿನಲ್ಲಿ ಎಷ್ಟು ಬಂತೋ ನಮಗೆ ಗೊತ್ತಿಲ್ಲ. ಹಬ್ಬ ಬಂತು, ಹೋಯಿತು. ಬೇವು ಬೆಲ್ಲ ತಿಂದೆವು. ಹಬ್ಬದ ಮಾರನೇ ದಿನ ಮಗಳು ಜೆರಾಕ್ಸಿನ ಮಾತು ತೆಗೆಯುತ್ತಾಳೆ ಅಂತ ನಾನು ಕಾದೆ. ತೆಗೆಯಲಿಲ್ಲ. ಅದರ ಮಾರನೇ ದಿನ ತೆಗೆದಳು. "ಸೋಮವಾರ ಬರ್ತೀನಿ ಅಂತ ಅಂಗಡಿಯೋರಿಗೆ ಹೇಳ್ಲಾ?" ಮೊಮ್ಮಗಳು "ಹ್ಞೂಂ" ಅಂದಳು.

ಶನಿವಾರ ಗೌಡರ ಫೋನು.

"ಏನಮ್ಮ, ಮಿಷನ್ ಸರಿ ಆಯ್ತಾ?"

"ಕಾರ್ಡ್ ಹೋಯ್ತು ಗೌಡ್ರೇ. ಕಾರ್ಡ್ ಇಲ್ದೆ ಮಾಡ್ಬೋದು, ನಿಧಾನ ಆಗ್ತದೆ."

"ಎಷ್ಟು ನಿಧಾನ?"

"ಮೊದ್ಲು ಎರಡು ದಿನ ಆಗಿದ್ದು ಈಗ ಐದು ದಿನ ಆಗ್ಬೋದು. ಬರೀ ಕೆಳಗಿನ ಬ್ಲಾಕ್ ಸಾಕು ಅಂದ್ರೆ ಎರಡೇ ದಿನ."

"ಹಂಗೇ ಮಾಡು. ಮಳೆ ಮೇಲ್ಗಡೆ ಚೆನ್ನಾಗಿ ಬಿದ್ದಿದೆ, ಕೆಳಗೆ ಅಲ್ಲಲ್ಲಿ ಬಿಟ್ಟುಹೋಗಿದೆ. ಎಲ್ಲಿ ಹೂ ತೆಳುವೋ ಅಲ್ಲಿಗೆ ಕೆರೆ ನೀರು ಬಿಡ್ಬೇಕು. ಇರೋದು ಒಂದೇ ಸುತ್ತು, ಗೊತ್ತಲ್ಲ. ಹೊಸ ಫೋಟೋ ತೆಗಿಯಕ್ಕೆ ಡ್ರೋನಿನವ್ನಿಗೆ ನಾನು ಹೇಳಿದೀನಿ." ಆಮೇಲೆ, "ಅಜ್ಜಿ ಇದಾರಾ ಅಲ್ಲಿ?"

"ಇದಾರೆ."

"ಅವ್ರನ್ನ ಸ್ಕ್ರೀನ್ ಹತ್ರ ಬಿಡ್ಬೇಡ."

ಈಗ ಡಬ್ಬ ಬೀರುವಿನಲ್ಲಿ ಇಲ್ಲ. ಮೇಜಿನ ಮೇಲಿದೆ, ತೆಳ್ಳಗಿನ ಹಳೆಯ ಪಂಚೆ ತುಂಡು ಹೊದ್ದುಕೊಂಡು, ಹಚ್ಚುವಾಗ ತೆಗೆಯುತ್ತಾಳೆ. 

ಸೋಮವಾರ ಅವಳು ಜೆರಾಕ್ಸಿಗೆ ಹೋಗಲಿಲ್ಲ. ಸ್ಕ್ರೀನಿನ ಮುಂದೆ ಕೂತಿದ್ದಳು. ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಹುರುಳಿ ಆರಿಸುತ್ತಾ ಕೂತಿದ್ದೆ. ಗೌಡರು ದುಡ್ಡು ಕೊಡುವವರು, ಅವರ ಮಾತು ಮೀರಬಾರದು. ನಕ್ಷೆ ಚೌಕ ಚೌಕವಾಗಿ ಬರುತ್ತಿತ್ತು. ಮಗಳು ಹೋಟೆಲಿಗೆ ಹೊರಟವಳು ಚಪ್ಪಲಿ ಹಾಕಿಕೊಂಡೇ ಅವಳ ಹಿಂದೆ ನಿಂತಿದ್ದಳು.

"ಅಜ್ಜಿ, ಬನ್ನಿ ಇಲ್ಲಿ."

"ನಾನು ಬರಲ್ಲ. ಗೌಡ್ರು ಬೇಡ ಅಂದಿದಾರೆ."

"ಬನ್ನಿ ಮಾರಾಯ್ತಿ."

ಎದ್ದು ಹೋದೆ. ಕೆಳಗಿನ ಬ್ಲಾಕು. ಕಪ್ಪು ಹಸಿರಿನ ಮೇಲೆ ಬಿಳಿ. ಸಾಲು ಸಾಲಾಗಿ, ಒಂದು ಕಡೆ ದಟ್ಟ, ಬೇಲಿಯ ಕಡೆಗೆ ತೆಳು. ಏನು ಅಂತ ಅವಳು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಅವಳು ಫೋಟೋವನ್ನು ಫೋನಿಗೆ ಹಾಕಿಕೊಂಡು ನೋಡಿದಳು. ತಾಯಿಗೆ ಕೊಟ್ಟಳು, ತಾಯಿ ನೋಡಿ ನನಗೆ ಕೊಟ್ಟಳು. ಫೋನಿನಲ್ಲೂ ಬಿಳಿ ಇತ್ತು. ಆಮೇಲೆ ಅವಳು ನಕ್ಷೆಯನ್ನು ಪಕ್ಕಕ್ಕೆ ಎಳೆದಳು. ಅದು ನಿಧಾನವಾಗಿ ಸರಿಯಿತು. ಬಿಳಿಯೂ ಗಿಡದ ಜೊತೆಗೇ ಪಕ್ಕಕ್ಕೆ ಹೋಯಿತು. ಕೆರೆ ಬಂತು.

ಕೆರೆಯ ಮೇಲೆ ನೀರು ಮಾತ್ರ ಇತ್ತು.

"ಈಗ ಹೇಳ್ಲಾ?" ಅಂದೆ.

"ಹೇಳಿ."

"ಹೂ."

ಅವಳು ಗೌಡರಿಗೆ ಫೋನು ಹಚ್ಚಿದಳು. ಮಗಳು ಬಸ್ಸು ಹೋಗುತ್ತದೆ ಅಂತ ಓಡಿದಳು.